ಅಟ್ಟದ ಮೇಲಿನ ಹಳೇ ಪೇಟಿಗೆ ಬೆಲೆ ಎಷ್ಟು, ಯಾರಿಗೆ ಕೊಟ್ಟರೆ ಚಲೋ? ಗುಜರಿಗೆ ಹಾಕೋ ಮೊದಲು ಇಷ್ಟು ತಿಳ್ಕೊಳ್ರಿ

ಶಿಗ್ಲಿ (ಲಕ್ಷ್ಮೇಶ್ವರ ತಾ.): ಶ್ರಾವಣದ ಭಜನೆ ಇರಲಿ, ಜಾತ್ರೆಯ ನಾಟಕ ಇರಲಿ, ಸಣ್ಣಾಟದ ತಾಲೀಮು ಇರಲಿ, ನಮ್ಮ ಭಾಗದ ಊರುಗಳಲ್ಲಿ ಮೊದಲು ಕೇಳುವ ವಾದ್ಯ ಪೇಟಿ. ಪುಸ್ತಕದಲ್ಲಿ ಹಾರ್ಮೋನಿಯಂ ಅಂತ ಬರೆದರೂ ಊರಾಗ ಅದು ಪೇಟಿನೇ, ಬಾರಿಸೋರು ಪೇಟಿ ಮಾಸ್ತರ.

ಮಾಸ್ತರ ತೀರಿಕೊಂಡ ಮೇಲೆ, ಇಲ್ಲವೇ ಭಜನಾ ಸಂಘ ನಿಂತ ಮೇಲೆ ಆ ಪೇಟಿ ಅಟ್ಟ ಸೇರುತ್ತದೆ. ಹಳೇ ಮನೆ ಕೆಡವಿ ಹೊಸದು ಕಟ್ಟುವಾಗ ಮತ್ತೆ ಹೊರಗೆ ಬರುತ್ತದೆ. ಆಗ ಬಹಳ ಮಂದಿ ಎರಡರಲ್ಲಿ ಒಂದು ಮಾಡುತ್ತಾರೆ. ಒಂದೋ, ತೂಕಕ್ಕೆ ಗುಜರಿ ಗಾಡಿಗೆ ಹಾಕುತ್ತಾರೆ. ಇಲ್ಲಾ, "ಇದು ಅಜ್ಜನ ಕಾಲದ್ದು, ಲಕ್ಷ ಬರತೈತಿ" ಅಂತ ಮೊಬೈಲಿನಲ್ಲಿ ಫೋಟೋ ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಅಷ್ಟರಲ್ಲಿ ಇಲಿ ಒಳಗೆ ಸೇರಿ ತಿದಿ ಕಡಿದಿರುತ್ತದೆ. ಎರಡರಲ್ಲೂ ಲುಕ್ಸಾನು ಮನೆಯವರಿಗೇ.

ಹಳೇ ಪೇಟಿಯ ಬೆಲೆ ಇರುವುದು ವಯಸ್ಸಿನಲ್ಲಿ ಅಲ್ಲ, ಹೊರಗಿನ ಪಾಲಿಶ್‌ನಲ್ಲೂ ಅಲ್ಲ. ಒಳಗಿನ ರೀಡು, ಗಾಳಿ ಹಿಡಿಯುವ ತಿದಿ, ಮತ್ತು ಅದನ್ನು ನಾಳೆ ಬಾರಿಸುವ ಕೈ, ಈ ಮೂರರಲ್ಲಿ. ಇವನ್ನು ನೋಡೋದು ಹೇಗೆ, ಕೊಡೋದು ಯಾರಿಗೆ ಅನ್ನುವ ಮಾಹಿತಿ ಇಲ್ಲಿದೆ.

ಪೇಟಿ ನಮ್ಮ ಕಡೆ ಬಂದ ದಾರಿ

ಹಾರ್ಮೋನಿಯಂ ಹುಟ್ಟಿದ್ದು ಯುರೋಪಿನಲ್ಲಿ. 1840ರ ದಶಕದಲ್ಲಿ ಪ್ಯಾರಿಸ್‌ನ ಅಲೆಕ್ಸಾಂದ್ರ್ ದೆಬೆಯ್ನ್ ಆ ಹೆಸರಿನ ವಾದ್ಯಕ್ಕೆ ಪೇಟೆಂಟ್ ಪಡೆದ. ಅದು ಕುರ್ಚಿ ಮೇಲೆ ಕೂತು ಕಾಲಿನಿಂದ ಗಾಳಿ ತುಂಬುವ ಪೆಟ್ಟಿಗೆ. ನೆಲದ ಮೇಲೆ ಕೂತು ಹಾಡುವ ನಮ್ಮ ಮಂದಿಗೆ ಒಗ್ಗುವ ಕೈಪೇಟಿಯನ್ನು ರೂಢಿಗೆ ತಂದವರಲ್ಲಿ ಕೋಲ್ಕತ್ತದ ದ್ವಾರಕಾನಾಥ ಘೋಷ್ ಅವರ ದ್ವಾರ್ಕಿನ್ ಕಂಪನಿಯ ಹೆಸರು ಮೊದಲು ಬರುತ್ತದೆ. ಅದು 19ನೇ ಶತಮಾನದ ಕೊನೆಯ ಭಾಗ.

ಗದಗ ಸೀಮೆಯಲ್ಲಿ ಪೇಟಿ ಬೇರು ಬಿಟ್ಟಿದ್ದು ಕಂಪನಿ ನಾಟಕದಿಂದ. ಗದಗದ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಮಂಡಳಿ ಮುಂತಾದವು ಊರೂರು ತಿರುಗಿ ಆಡಿದ ಕಾಲದಲ್ಲಿ ರಂಗದ ಮುಂದೆ ಪೇಟಿ ಮಾಸ್ತರ ಕೂಡುತ್ತಿದ್ದರು. ಹಾಡು ಎತ್ತಿಕೊಡೋದು, ನಟರ ಶ್ರುತಿ ಕಾಯೋದು ಎಲ್ಲ ಅವರದೇ. ಇನ್ನೊಂದು ಕಡೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಪುಟ್ಟರಾಜ ಗವಾಯಿಗಳು (1914–2010) ಗದಗದ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ, ಬಡ ಮಕ್ಕಳಿಗೆ ಸಂಗೀತ ಕಲಿಸಿದರು. ಅಲ್ಲಿ ಕಲಿತವರು ಊರೂರಿಗೆ ಹೋಗಿ ಮಾಸ್ತರರಾದರು. ಬೆಳಗಾವಿಯ ಪಂ. ಆರ್.ಕೆ. ಬಿಜಾಪುರೆ (1917–2010) ಅವರಂಥವರು ಪೇಟಿಗೆ ದೊಡ್ಡ ವೇದಿಕೆಯಲ್ಲೂ ಮರ್ಯಾದೆ ತಂದರು.

ಇದೇ ಪೇಟಿಯನ್ನು ಆಕಾಶವಾಣಿ 1940ರ ಮಾರ್ಚ್ 1ರಿಂದ ಪ್ರಸಾರದಿಂದಲೇ ಹೊರಗಿಟ್ಟಿತ್ತು. ಕೀ ಒತ್ತಿದರೆ ಒಂದೇ ನಿಂತ ಸ್ವರ ಬರುತ್ತದೆ, ನಮ್ಮ ಸಂಗೀತದ ಮೀಂಡು, ಗಮಕ ಬರೋದಿಲ್ಲ ಅನ್ನುವ ತಕರಾರು. ಈ ನಿರ್ಬಂಧ ಸಡಿಲಾಗಿದ್ದು 1971ರಲ್ಲಿ. ಆ ಮೂವತ್ತೊಂದು ವರ್ಷವೂ ನಾಟಕ, ಭಜನೆ, ಕೀರ್ತನೆಯವರು ಪೇಟಿ ಬಿಡಲಿಲ್ಲ.

ನಿಮ್ಮ ಮನ್ಯಾಗಿರೋದು ಯಾವ ನಮೂನಿ?

ಬೆಲೆ ಕೇಳೋ ಮೊದಲು ಇದು ಗೊತ್ತಿರಬೇಕು.

ಸಾದಾ ಕೈಪೇಟಿ: ಹಿಂದೆ ತಿದಿ, ಮುಂದೆ ಕೀಗಳು. ಸಾಮಾನ್ಯವಾಗಿ 37, 39 ಇಲ್ಲಾ 42 ಕೀ ಇರುತ್ತವೆ. ಬಿಳಿ ಕರಿ ಎಲ್ಲ ಸೇರಿಸಿ ಎಣಿಸಿರಿ.

ಮಡಚುವ ಪೇಟಿ: ಸೂಟ್‌ಕೇಸಿನಂತೆ ಮುಚ್ಚಿ ಹಿಡಿಕೆ ಹಿಡಿದು ಒಯ್ಯುವಂಥದ್ದು. ತಿರುಗಾಡುವ ಕಲಾವಿದರಿಗೆ ಅನುಕೂಲ.

ಕಪ್ಲರ್ ಪೇಟಿ: ಒಂದು ಕೀ ಒತ್ತಿದರೆ ಅದರ ಜೋಡಿ ಬೇರೆ ಸಪ್ತಕದ ಅದೇ ಸ್ವರದ ಕೀಯೂ ತಾನಾಗಿ ಇಳಿಯುತ್ತದೆ.

ಸ್ಕೇಲ್ ಚೇಂಜರ್: ಕೀಗಳ ಸಾಲನ್ನೇ ಆಚೀಚೆ ಸರಿಸಿ ಶ್ರುತಿ ಬದಲಿಸಬಹುದು. ಒಳಗಿನ ಕೆಲಸ ಹೆಚ್ಚು, ಹೊಸದರ ಬೆಲೆಯೂ ಹೆಚ್ಚು, ಕೆಟ್ಟರೆ ರಿಪೇರಿಯೂ ಹೆಚ್ಚು.

ಲೆಗ್ ಹಾರ್ಮೋನಿಯಂ: ಕಾಲಿಂದ ಪೆಡಲ್ ತುಳಿದು ಗಾಳಿ ಹಾಕುವಂಥದ್ದು. ಎರಡೂ ಕೈ ಬಾರಿಸಲಿಕ್ಕೆ ಖಾಲಿ. ನಾಟಕ ಕಂಪನಿಗಳಲ್ಲಿ ನಡೆದದ್ದು ಹೆಚ್ಚಾಗಿ ಇದೇ.

ಇನ್ನು ಒಳಗಿನ ರೀಡು. ಹಿತ್ತಾಳೆಯ ಪಟ್ಟಿ ಮೇಲೆ ಒಂದು ತುದಿಗೆ ಮಾತ್ರ ಬಡಿದು ಕೂಡಿಸಿದ ತೆಳು ನಾಲಿಗೆ ಅದು. ಗಾಳಿ ಹಾಯ್ದಾಗ ಅದು ನಡುಗಿ ಸ್ವರ ಬರುತ್ತದೆ. ಪ್ರತಿ ಕೀಗೆ ಒಂದು ರೀಡಿದ್ದರೆ ಸಿಂಗಲ್, ಎರಡಿದ್ದರೆ ಡಬಲ್, ಮೂರಿದ್ದರೆ ತ್ರಿಬಲ್ ಲೈನ್. ದಪ್ಪ ದನಿಯ ಸಾಲಿಗೆ ಖರ್ಜ, ನಡುವಿನದಕ್ಕೆ ನರ, ಸಣ್ಣ ದನಿಯದಕ್ಕೆ ಮಾದಾ ಅನ್ನುತ್ತಾರೆ. 42 ಕೀ ಇರುವ ಡಬಲ್ ಪೇಟಿಯಲ್ಲಿ 84 ರೀಡು ಇರುತ್ತವೆ. ಅಷ್ಟೂ ಕೈಯಿಂದಲೇ ಶ್ರುತಿಗೆ ತಂದವು.

ಹಳೇ ಪೇಟಿಗಳಲ್ಲಿ ಜರ್ಮನಿಯ, ಪ್ಯಾರಿಸ್‌ನ ರೀಡು ಸಿಗುವುದುಂಟು. ಜರ್ಮನ್ ರೀಡಿನ ಜುಬಿಲೇಟ್, ಪ್ಯಾರಿಸ್‌ನ ಕಾಸ್ರಿಯೆಲ್ ಹೆಸರನ್ನು ರಿಪೇರಿಯವರು, ಕಲಾವಿದರು ಇವತ್ತಿಗೂ ಕೇಳಿ ವಿಚಾರಿಸುತ್ತಾರೆ. ದೇಶೀ ರೀಡಿನಲ್ಲಿ ಗುಜರಾತಿನ ಪಾಲಿತಾಣಾದ್ದು ಹೆಸರಾದದ್ದು. ಪೆಟ್ಟಿಗೆ ಹಾಳಾಗಿದ್ದರೂ ರೀಡು ಚಲೋ ಇದ್ದರೆ ಆ ಪೇಟಿಗೆ ಬೆಲೆ ಐತಿ. ಪೆಟ್ಟಿಗೆ ಥಳಥಳ ಹೊಳೆದು ರೀಡು ಸತ್ತಿದ್ದರೆ ಅದು ಬರೇ ಕಟ್ಟಿಗೆ.

ಮನೆಯಲ್ಲೇ ಮಾಡುವ ಪರೀಕ್ಷೆ

ಹತ್ತು ಹದಿನೈದು ನಿಮಿಷದ ಕೆಲಸ. ಒಂದು ಹಾಳೆ, ಪೆನ್ನು ಇಟ್ಟುಕೊಳ್ಳಿರಿ.

1. ಮೊದಲು ಕಣ್ಣಿಂದ ನೋಡಿರಿ. ಗೆದ್ದಲು ಮಣ್ಣು, ಇಲಿ ಹಿಕ್ಕೆ, ಸಣ್ಣ ತೂತಿನಿಂದ ಉದುರುವ ಕಟ್ಟಿಗೆ ಪುಡಿ ಐತೇನು? ಗೆದ್ದಲಿದ್ದರೆ ಬೇರೆ ಸಾಮಾನಿನಿಂದ ದೂರ ಇಡ್ರಿ. ತಿದಿಯ ಮಡಿಕೆಗಳ ಮೂಲೆಯಲ್ಲಿ ಬೆರಳಾಡಿಸಿ ಹರಿದಿದೆಯೇ ನೋಡಿರಿ.

2. ಎಲ್ಲ ಸ್ಟಾಪರ್ ಮುಚ್ಚಿ ನಾಲ್ಕೈದು ಸಲ ಗಾಳಿ ಹಾಕಿ ನಿಲ್ಲಿಸಿರಿ. ಒಳಗಿನ ತಿದಿ ತುಂಬಿದರೆ ಹೊರಗಿನ ತಿದಿ ಒತ್ತಲು ಬಿಗಿ ಆಗಬೇಕು. ಎಷ್ಟು ಒತ್ತಿದರೂ ಹಗುರ ಇದ್ದರೆ ಗಾಳಿ ಎಲ್ಲೋ ಸೋರುತ್ತಿದೆ.

3. ಒಂದು ಸ್ಟಾಪರ್ ತೆಗೆದು, ಗಾಳಿ ತುಂಬಿ, ಕೈ ಬಿಟ್ಟು, ನಡುವಿನ ಒಂದೇ ಕೀ ಒತ್ತಿ ಹಿಡಿಯಿರಿ. ಎಂಟು ಹತ್ತು ಎಣಿಸುವ ತನಕ ಸ್ವರ ನಿಂತರೆ ತಿದಿ ಚಲೋ ಇದೆ ಅನ್ನಬಹುದು. ಎರಡು ಮೂರಕ್ಕೆ ಸತ್ತರೆ ತಿದಿ ಕೆಲಸ ಇದೆ.

4. ಏನೂ ಒತ್ತದೆ ಗಾಳಿ ಹಾಕಿದಾಗ ತಾನೇ ಒಂದು ಸ್ವರ ಕೂಗಿದರೆ ಗಾಬರಿ ಬ್ಯಾಡ. ಕೀ ಕೆಳಗಿನ ಸ್ಪ್ರಿಂಗ್ ಸಡಿಲಾಗಿದೆ, ಇಲ್ಲಾ ಪ್ಯಾಡ್ ಸವೆದಿದೆ. ಸಣ್ಣ ರಿಪೇರಿ. ಸ್ವರದ ಗುಂಡಿ ಏನಾದರೂ ಹೊರಗೆ ಎಳೆದಿದೆಯೇ ಅಂತಲೂ ನೋಡಿರಿ. ಅದು ಎಳೆದಿದ್ದರೆ ಸ್ವರ ಹಿಡಿದು ನಿಲ್ಲೋದೇ ಅದರ ಕೆಲಸ.

5. ಒಂದೊಂದು ಸ್ಟಾಪರ್ ಮಾತ್ರ ತೆಗೆದು ಎಡದಿಂದ ಬಲಕ್ಕೆ ಎಲ್ಲಾ ಕೀ ಬಾರಿಸಿರಿ. ಸ್ವರ ಬಾರದ್ದು, ಗೊರಗೊರ ಅನ್ನೋದು, ತಡವಾಗಿ ಬರೋದು ಬರೆದುಕೊಳ್ಳಿರಿ. ಸ್ವರ ಬರದ ರೀಡು ಎಲ್ಲಾ ಸತ್ತಿದ್ದೇ ಅಂತ ತಿಳಿಯಬ್ಯಾಡ್ರಿ. ಬಹಳ ಸಲ ನಾಲಿಗೆ ಕೆಳಗೆ ಒಂದು ಕಸದ ಎಳೆ ಸಿಕ್ಕಿರುತ್ತದೆ, ಅಷ್ಟೇ.

6. ಮೊಬೈಲಿಗೆ ಪುಕ್ಕಟೆ ಸಿಗುವ ಟ್ಯೂನರ್ ಆಪ್ ಹಾಕಿಕೊಂಡು ಸ್ವರ ನೋಡಿರಿ. ಎಲ್ಲ ಸ್ವರ ಒಂದೇ ಅಳತೆಯಲ್ಲಿ ಏರಿದ್ದರೆ ಇಲ್ಲಾ ಇಳಿದಿದ್ದರೆ ಅದು ಹಳೇ ಕಾಲದ ಶ್ರುತಿ ಇರಬಹುದು, ದೋಷವಲ್ಲ. ಒಂದು ಏರಿ ಇನ್ನೊಂದು ಇಳಿದಿದ್ದರೆ ಟ್ಯೂನಿಂಗ್ ಬೇಕು.

ಬೆಲೆ ಕಟ್ಟೋದು ಹೇಗೆ?

ಹಳೇ ಪೇಟಿಗೆ ಸರ್ಕಾರಿ ದರ ಅಂತ ಇಲ್ಲ. ಮಾತಿಗೆ ಕೂಡೋವಾಗ ಒಂದು ಸರಳ ಲೆಕ್ಕ ಹಿಡಿಯಬಹುದು.

ಮೊದಲು ಅಷ್ಟೇ ಕೀ, ಅಷ್ಟೇ ರೀಡಿನ ಹೊಸ ಪೇಟಿಗೆ ಹುಬ್ಬಳ್ಳಿ, ಗದಗದ ವಾದ್ಯದ ಅಂಗಡಿಯಲ್ಲಿ ಇವತ್ತಿನ ರೇಟು ಎಷ್ಟು ಅಂತ ಎರಡು ಕಡೆ ಕೇಳಿರಿ. ಬಾರಿಸೋ ಸ್ಥಿತಿಯಲ್ಲಿರುವ ಹಳೇ ಪೇಟಿಗೆ ಅದರ ಅರ್ಧದಿಂದ ಮಾತು ಶುರು ಮಾಡಬಹುದು. ಅದರಲ್ಲಿ ರಿಪೇರಿ ಖರ್ಚು ಕಳೆಯಿರಿ. ರೀಡು ಹೆಸರಾದದ್ದಿದ್ದರೆ ಮೇಲೆ ಸೇರಿಸಿರಿ.

ಲೆಕ್ಕ ತಿಳಿಯಲಿ ಅಂತ ಒಂದು ಉದಾಹರಣೆ: ಅಂಥದೇ ಹೊಸ ಪೇಟಿ 20 ಸಾವಿರ ಅಂತ ಹಿಡಿಯೋಣ. ಅರ್ಧ ಅಂದರೆ 10 ಸಾವಿರ. ತಿದಿ, ಪ್ಯಾಡ್, ಟ್ಯೂನಿಂಗ್ ಸೇರಿ ರಿಪೇರಿಯವರು 4 ಸಾವಿರ ಅಂದರೆ, ಈಗಿರುವ ಸ್ಥಿತಿಯಲ್ಲಿ ಕೊಡುವ ಬೆಲೆ 6 ಸಾವಿರದ ಆಸುಪಾಸು. ಗಿರಾಕಿ ಇದಕ್ಕಿಂತ ಬಹಳ ಕಡಿಮೆ ಕೇಳಿದರೆ ಯಾಕೆ ಅಂತ ಕೇಳೋ ಹಕ್ಕು ನಿಮಗಿದೆ. ನೀವು 40 ಸಾವಿರ ಕೇಳಿದರೆ ಅವರಿಗೂ ಹಂಗೇ.

ಬೆಲೆ ಏರಿಸುವ ಸಂಗತಿಗಳು: ಹೆಸರಾದ ರೀಡು, ಬಿಗಿ ತಿದಿ, ಸಾಗವಾನಿ ಪೆಟ್ಟಿಗೆ, ತಯಾರಕರ ಹೆಸರಿನ ಪಟ್ಟಿ ಹಾಗೇ ಇರೋದು, ಮೂಲ ಪೆಟ್ಟಿಗೆ. ಇಳಿಸುವ ಸಂಗತಿಗಳು: ಗೆದ್ದಲು, ಮುರಿದ ರೀಡು, ಕಳೆದ ಸ್ಟಾಪರ್, ಮೇಲೆ ಬಳಿದ ಎಣ್ಣೆ ಬಣ್ಣ. ಮಾರೋ ಮೊದಲು ಚಂದ ಕಾಣಲಿ ಅಂತ ಬಣ್ಣ ಹೊಡೆಯೋದು ಬಹಳ ಮಂದಿ ಮಾಡುತ್ತಾರೆ. ತಿಳಿದ ಗಿರಾಕಿ ಅದನ್ನು ನೋಡಿಯೇ ಹಿಂದೆ ಸರಿಯುತ್ತಾನೆ.

ಲೆಗ್ ಹಾರ್ಮೋನಿಯಂ ಲೆಕ್ಕ ಬೇರೆ. ಬಾರಿಸೋರು ಕಡಿಮೆ ಇರುವುದರಿಂದ ಊರಾಗ ಗಿರಾಕಿ ಸಿಗೋದು ಕಷ್ಟ. ಪಟ್ಟಣದ ಹಳೇ ಸಾಮಾನಿನ ವ್ಯಾಪಾರಿಗಳು ಅದನ್ನು ಹೋಟೆಲ್, ರೆಸಾರ್ಟ್ ಅಲಂಕಾರಕ್ಕೆ ಕೇಳುತ್ತಾರೆ. ಅಲ್ಲಿ ಅದು ಹೂವಿನ ಕುಂಡ ಇಡೋ ಮೇಜಾಗುತ್ತದೆ. ಕೊಡೋದು ಬಿಡೋದು ಮನೆಯವರ ಇಚ್ಛೆ. ಆದರೆ ಮೊದಲು ರಂಗಭೂಮಿಯವರನ್ನು ಒಂದು ಮಾತು ಕೇಳಿರಿ.

ಮಾಡಬಾರದ ರಿಪೇರಿ

ರೀಡಿಗೆ ಎಣ್ಣೆ, ಸೀಮೆಎಣ್ಣೆ ಬಿಡಬ್ಯಾಡ್ರಿ. ಧೂಳು ಅಂಟಿ ನಾಲಿಗೆ ನಿಲ್ಲುತ್ತದೆ. ಹಸಿರು ಕಿಲುಬು ಕಂಡಿತು ಅಂತ ಸ್ಯಾಂಡ್ ಪೇಪರ್ ಹಾಕಿ ತಿಕ್ಕಬ್ಯಾಡ್ರಿ. ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಟ್ಯೂನ್ ಮಾಡುವವರು ಕೂದಲೆಳೆಯಷ್ಟು ಕೆರೆಯುವುದು ಇದೇ ಲೆಕ್ಕದಲ್ಲಿ. ನಾವು ತಿಕ್ಕಿದರೆ 84 ರೀಡಿನ ಶ್ರುತಿಯೂ ಹೋಯಿತು. ತಿದಿಗೆ ಸೈಕಲ್ ಪಂಕ್ಚರ್ ಅಂಟು, ಪ್ಲಾಸ್ಟಿಕ್ ಟೇಪು ಹಚ್ಚಿದರೆ ಮಡಿಕೆ ಬಿರುಸಾಗಿ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಬಿಸಿಲಲ್ಲಿ ಒಣಗಿಸಿದರೆ ಕಟ್ಟಿಗೆ ಬಾಗುತ್ತದೆ. ಮೆತ್ತನೆ ಬ್ರಶ್‌ನಿಂದ ಹೊರಗಿನ ಧೂಳು ತೆಗೆದು, ನೆರಳಲ್ಲಿ ಗಾಳಿಗಿಟ್ಟು, ಉಳಿದದ್ದನ್ನು ಬಲ್ಲವರಿಗೆ ಬಿಡೋದು ಚಲೋ.

ಕಾನೂನಿನ ಎರಡು ಮಾತು

ಬಹಳ ಹಳೇ, ವಿದೇಶಿ ಪೇಟಿಗಳ ಬಿಳಿ ಕೀ ಮೇಲೆ ಆನೆದಂತದ ತೆಳು ಹಾಳೆ ಇರಬಹುದು. ಹತ್ತಿರದಿಂದ ನೋಡಿದರೆ ಕಟ್ಟಿಗೆಯಂತೆ ಸಣ್ಣ ಎಳೆ ಕಾಣುತ್ತವೆ. ಪ್ಲಾಸ್ಟಿಕ್, ಸೆಲ್ಯುಲಾಯ್ಡ್ ಆದರೆ ನುಣ್ಣಗೆ ಒಂದೇ ಸಮ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಆನೆದಂತದ ವ್ಯಾಪಾರ ಅಪರಾಧ. ಅನುಮಾನ ಇದ್ದರೆ ಮಾರಾಟಕ್ಕೆ ಇಡುವ ಮೊದಲು ಅರಣ್ಯ ಇಲಾಖೆ ಕಚೇರಿಯಲ್ಲಿ ಕೇಳಿಕೊಳ್ಳಿರಿ.

ಇನ್ನೊಂದು, ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪುರಾತನ ವಸ್ತು ಕಾಯ್ದೆಯಡಿ ಬರುತ್ತವೆ. ಖಾಸಗಿಯವರು ಅವನ್ನು ವಿದೇಶಕ್ಕೆ ಕಳಿಸುವಂತಿಲ್ಲ. "ಫಾರಿನ್ ಗಿರಾಕಿ ಅದಾನ, ಪಾರ್ಸಲ್ ಮಾಡ್ರಿ" ಅನ್ನುವ ಫೋನಿಗೆ ಮರುಳಾಗಬ್ಯಾಡ್ರಿ.

ಪೇಟಿ ಯಾರದು? ಮೊದಲು ಅದು ತೀರ್ಮಾನ ಆಗಲಿ

ಊರಾಗ ಜಗಳ ಬರೋದು ಇಲ್ಲೇ. ಭಜನಾ ಸಂಘದ ಪೇಟಿ ವರ್ಷಗಟ್ಟಲೆ ಒಬ್ಬರ ಮನೆಯಲ್ಲಿ ಇದ್ದರೆ ಅದು ಆ ಮನೆಯದಾಗುವುದಿಲ್ಲ. ಪಟ್ಟಿ ಎತ್ತಿ ತಂದದ್ದು, ದಾನಿಗಳು ದೇವರಿಗೆ ಕೊಟ್ಟದ್ದು ಊರಿನ ಸೊತ್ತು. ಇಂಥದ್ದನ್ನು ಮಾರುವಾಗ, ಕೊಡುವಾಗ ಹಿರಿಯರು, ಉಳಿದ ಸದಸ್ಯರು ಕೂಡಿ ಠರಾವು ಬರೆದು ಸಹಿ ಮಾಡಿರಲಿ. ಬಂದ ರೊಕ್ಕ ಎಲ್ಲಿಗೆ ಅನ್ನೋದೂ ಅದರಲ್ಲೇ ಬರಲಿ.

ಮನೆ ಪೇಟಿ ಆದರೆ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೆ ಒಂದು ಮಾತು ಕೇಳಿರಿ. ಅಪ್ಪನ ಪೇಟಿ ಗುಜರಿಗೆ ಹೋಯಿತು ಅಂತ ಆಮೇಲೆ ಗೊತ್ತಾಗಿ ಮಾತು ಬಿಟ್ಟವರ ಮನೆಗಳೂ ಇರುತ್ತವೆ. ಪೇಟಿ ಜೋಡಿ ಮಾಸ್ತರರ ಕೈಬರಹದ ಹಾಡಿನ ವಹಿ, ನಾಟಕದ ಪ್ರತಿ, ಹಳೇ ಕರಪತ್ರ ಸಿಕ್ಕರೆ ರದ್ದಿಗೆ ಹಾಕಬ್ಯಾಡ್ರಿ. ಪೇಟಿ ಇನ್ನೊಂದು ಸಿಗತೈತಿ, ಆ ವಹಿ ಸಿಗೋದಿಲ್ಲ.

ಯಾರಿಗೆ ಕೊಟ್ಟರೆ ಬಾರಿಸುತ್ತಾರೆ?

ಕಲಿಯುವ ಮಕ್ಕಳು: ಹಗುರ, 37 ಕೀಯ ಸಿಂಗಲ್ ಇಲ್ಲಾ ಡಬಲ್ ಪೇಟಿ ಸಾಕು. ಹೊಸದು ಕೊಳ್ಳಲಾಗದೆ ಕಲಿಕೆ ಬಿಡುವ ಮಕ್ಕಳು ಇರುತ್ತಾರೆ. ಊರಿನ ಸಂಗೀತ ಶಿಕ್ಷಕರನ್ನು, ಹೈಸ್ಕೂಲಿನವರನ್ನು ಕೇಳಿದರೆ ಯಾರಿಗೆ ಬೇಕು ಅಂತ ಅವರಿಗೆ ಗೊತ್ತಿರುತ್ತದೆ.

ಭಜನಾ ಸಂಘ, ಮಠ: ಜೋರು ದನಿಯ ಡಬಲ್ ಪೇಟಿ ಬೇಕು. ತಾಳ, ದಮ್ಮಡಿ ನಡುವೆ ಸಣ್ಣ ದನಿಯ ಪೇಟಿ ಕೇಳಿಸೋದಿಲ್ಲ.

ಸಂಗೀತ ಶಾಲೆ, ಆಶ್ರಮ: ಗದಗದ ಪುಣ್ಯಾಶ್ರಮದಂಥ ಕಡೆ ದಿನವಿಡೀ ಕಲಿಕೆ ನಡೆಯುತ್ತದೆ. ಕೊಡುವ ಮೊದಲು ಬೇಕೋ ಬೇಡವೋ ಕೇಳಿರಿ, ಆದರೆ ರಿಪೇರಿ ಮಾಡಿಸಿಯೇ ಕೊಡ್ರಿ. ಕಣ್ಣು ಕಾಣದ ಮಗು ಕಿವಿಯಿಂದಲೇ ಸ್ವರ ಕಲಿಯುತ್ತದೆ. ಅದರ ಕೈಗೆ ಅಪಸ್ವರದ ಪೇಟಿ ಕೊಟ್ಟರೆ ಅದು ತಪ್ಪು ಸ್ವರವನ್ನೇ ಸರಿ ಅಂತ ಕಲಿಯುತ್ತದೆ. ದಾನ ಅಂದರೆ ಕೆಟ್ಟದ್ದನ್ನು ದಾಟಿಸೋದಲ್ಲ.

ನಾಟಕದವರು: ಲೆಗ್ ಹಾರ್ಮೋನಿಯಂ ಇದ್ದರೆ ವೃತ್ತಿ ಕಂಪನಿ, ಹವ್ಯಾಸಿ ತಂಡ ಎರಡನ್ನೂ ಕೇಳಿರಿ.

ಸಂಗ್ರಹಾಲಯ: ಬಾರಿಸಲು ಬಾರದಷ್ಟು ಹಳೆಯದು, ಆದರೆ ಯಾವ ಮಾಸ್ತರ ಯಾವ ಕಂಪನಿಯಲ್ಲಿ ಬಾರಿಸಿದರು ಅನ್ನುವ ವಿವರ ಇದೆ ಅಂದರೆ, ಶಿಗ್ಗಾಂವಿ ತಾಲೂಕಿನ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಯನ್ನು ವಿಚಾರಿಸಬಹುದು. ವಿವರ ಬರೆದು ಪೇಟಿ ಜೋಡಿ ಕೊಡ್ರಿ. ವಿವರ ಇಲ್ಲದ ಪೇಟಿ ಅಲ್ಲಿ ಬರೇ ಒಂದು ಪೆಟ್ಟಿಗೆ.

ಅಕಾರ್ಡಿಯನ್ ಸಿಕ್ಕರೆ?

ಎದೆಗೆ ಕಟ್ಟಿಕೊಂಡು ಎರಡೂ ಕೈಯಿಂದ ಹಿಗ್ಗಿಸಿ ಕುಗ್ಗಿಸಿ ಬಾರಿಸುವ ಈ ವಾದ್ಯ ಪೇಟಿಯ ದಾಯಾದಿ. 1829ರಲ್ಲಿ ವಿಯೆನ್ನಾದ ಸಿರಿಲ್ ಡೆಮಿಯನ್ ಈ ಹೆಸರಿನಲ್ಲಿ ಪೇಟೆಂಟ್ ಪಡೆದ. ಹಳೇ ಹಿಂದಿ ಸಿನಿಮಾ ಹಾಡುಗಳಿಂದ ನಮಗೆ ಪರಿಚಯ. ಆರ್ಕೆಸ್ಟ್ರಾ, ಚರ್ಚ್ ಹಿನ್ನೆಲೆಯವರ ಮನೆಯಲ್ಲಿ ಸಿಗಬಹುದು.

ಇದರಲ್ಲಿ ನೋಡುವುದು ಎಡಗೈ ಬಟನ್ ಎಷ್ಟು ಅಂತ. 48, 80, 120 ಸಾಮಾನ್ಯ ಅಳತೆ. ರೀಡು ಉಕ್ಕಿನವು, ತುಕ್ಕು ಹಿಡಿಯುತ್ತವೆ. ಅವನ್ನು ಮೇಣದಿಂದ ಕೂಡಿಸಿರುತ್ತಾರೆ. ನಮ್ಮ ಬ್ಯಾಸಿಗೆಯಲ್ಲಿ ತಗಡಿನ ಛಾವಣಿ ಕೆಳಗೆ ಇಟ್ಟರೆ ಮೇಣ ಕರಗಿ ರೀಡು ಕಳಚುತ್ತವೆ. ಅಲುಗಾಡಿಸಿದಾಗ ಒಳಗೆ ಗಲಗಲ ಅಂದರೆ ಇದೇ ಕಾರಣ ಇರಬಹುದು. ಬಾರಿಸೋರು, ರಿಪೇರಿಯವರು ಇಲ್ಲಿ ಕಡಿಮೆ. ಗೋವಾ, ಬೆಂಗಳೂರು, ಮುಂಬೈ ಕಡೆ ಗಿರಾಕಿ ಹುಡುಕಬೇಕು. ಅವಸರ ಮಾಡಬ್ಯಾಡ್ರಿ.

ಗುಜರಿ, ಫರ್ನಿಚರ್ ಅಂಗಡಿಯವರಿಗೆ

ತೂಕಕ್ಕೆ ಬಂದ ಪೇಟಿಯನ್ನು ಹಿತ್ತಾಳೆಗಾಗಿ ಒಡೆದರೆ ಸಿಗೋದು ಚಿಲ್ಲರೆ ರೊಕ್ಕ. ಅದೇ ರೀಡಿನ ಸೆಟ್ ಒಡೆಯದೆ ಹಾಗೇ ಇಟ್ಟರೆ ರಿಪೇರಿಯವರು ಬಂದು ಒಯ್ಯುತ್ತಾರೆ. ಸ್ಪ್ರಿಂಗ್, ಸ್ಟಾಪರ್, ಕೀಗಳಿಗೂ ಬೇಡಿಕೆ ಇದೆ. ಪೇಟಿ ಬಂದ ದಿನ ಊರಿನ ಒಬ್ಬ ಮಾಸ್ತರರಿಗೆ ಫೋನ್ ಮಾಡಿದರೆ ನಿಮಗೂ ನಾಕು ರೊಕ್ಕ ಹೆಚ್ಚು, ಪೇಟಿಯೂ ಉಳಿಯುತ್ತದೆ. ತಂದವರ ಹೆಸರು, ಫೋನ್ ನಂಬರು ಬರೆದಿಟ್ಟುಕೊಳ್ಳಿರಿ. ಗುಡಿಯ, ಸಂಘದ ಪೇಟಿ ಕಳುವಾಗಿ ಬಂದಿದ್ದರೆ ಆಮೇಲೆ ತ್ರಾಸು ನಿಮಗೇ.

ಮಾರುವ ದಿನ ನೆನಪಿರಲಿ

ಆನ್‌ಲೈನಿನಲ್ಲಿ ಹಾಕಿದರೆ ಕೀಗಳ ಫೋಟೋ, ಮುಚ್ಚಳ ತೆಗೆದ ಒಳಗಿನ ಫೋಟೋ, ಬಾರಿಸಿದ ಒಂದು ನಿಮಿಷದ ವಿಡಿಯೋ ಹಾಕಿರಿ. ದೋಷ ಇದ್ದದ್ದನ್ನು ಇದ್ದಂಗೆ ಬರೆಯಿರಿ. ಗಿರಾಕಿ ಕಳಿಸಿದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬ್ಯಾಡ್ರಿ. ರೊಕ್ಕ ಪಡೆಯಲು ಸ್ಕ್ಯಾನ್ ಮಾಡೋದು, ಪಿನ್ ಹಾಕೋದು ಬೇಕಾಗಿಲ್ಲ. ಮೋಸ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿರಿ.

ಕಳಿಸುವಾಗ ತಿದಿ ಮುಚ್ಚಿ ಕೊಂಡಿ ಹಾಕಿ, ಎಲ್ಲ ಸ್ಟಾಪರ್ ಒಳಗೆ ತಳ್ಳಿ, ಹಳೇ ಕೌದಿಯಲ್ಲಿ ಸುತ್ತಿರಿ. ಬಸ್ಸಿನ ಟಾಪ್ ಮೇಲೆ ಬೇಡ, ಬಿಸಿಲು ಮಳೆ ಎರಡೂ ಕೆಟ್ಟವು.

ಭಜನಾ ಸಂಘಗಳು ಪೇಟಿ ಹುಡುಕೋದು ಶ್ರಾವಣಕ್ಕೆ ಒಂದೆರಡು ತಿಂಗಳ ಮೊದಲು, ನಾಟಕದವರು ಜಾತ್ರೆ ಸುಗ್ಗಿಗೆ ಮೊದಲು. ರಿಪೇರಿಗೆ ಹದಿನೈದು ದಿನವಾದರೂ ಹಿಡಿಯಿರಿ. ಕೊಡಬೇಕು ಅಂತ ಮನಸ್ಸಿದ್ದವರು ಈ ವಾರವೇ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಒಂದು ಕೀ ಒತ್ತಿ ಹತ್ತು ಎಣಿಸಿ ನೋಡಿರಿ.